ತೋಳಿನ ಅಗಲ: ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ವೇಶ್ಯೆಯರೂ ನ್ಯಾಯಾಲಯವೂ

1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿದ್ದೇ ತಡ, ಸ್ಯಾನ್ ಫ್ರಾನ್ಸಿಸ್ಕೋ ಗಂಡಸರೇ ಕಿಕ್ಕಿರಿದ ಊರಾಯಿತು. ಅಲ್ಲಿನ ವೇಶ್ಯಾವೃತ್ತಿಗೆ ಹೆಂಗಸರ ಅಭಾವವನ್ನು ಕಾರಣವಾಗಿ ಹೇಳುವುದು ವಾಡಿಕೆ. ಅಭಾವವೇ ಎಲ್ಲವನ್ನೂ ನಿರ್ಧರಿಸಿದ್ದರೆ ಎಲ್ಲ ಹೆಂಗಸರ ಕೈಯೂ ಮೇಲಾಗಬೇಕಿತ್ತು. ಬೆಲ್ ಕೋರಾಳಂಥ ವೇಶ್ಯಾಗೃಹದ ಬಿಳಿಯ ಯಜಮಾನಿಯರು ಸಿರಿವಂತರಾದರು. ಕ್ಯಾಂಟನ್ ಸೀಮೆಯಿಂದ ಬಂದ ಹುಡುಗಿಯರಲ್ಲಿ ಹೆಚ್ಚಿನವರು ಜೀತಕ್ಕೆ ಬಿದ್ದರು. ಈ ಅಂತರ ಹುಟ್ಟಿದ್ದು ಸಂತೆಯಲ್ಲಲ್ಲ, ಬಹುಮಟ್ಟಿಗೆ ಕಟಕಟೆಯಲ್ಲಿ ಎಂಬುದು ನನ್ನ ವಾದ. ಮೊದಲ ವರ್ಷಗಳಲ್ಲಿ ಬಂದಿಳಿದ ಚೀನೀ ವೇಶ್ಯೆ ಅಹ್ ಟೋಯ್, ಚಿನ್ನದ ಪುಡಿಯ ಬದಲು ಹಿತ್ತಾಳೆಯ ಪುಡಿ ತೂಗಿಕೊಟ್ಟ ಗಿರಾಕಿಗಳ ಮೇಲೆ ದೂರು ಕೊಡಬಲ್ಲವಳಾಗಿದ್ದಳು. 1854ರಲ್ಲಿ ಹಾಲ್ ಎಂಬ ಬಿಳಿಯ ಆರೋಪಿಯ ಕೊಲೆ ಮೊಕದ್ದಮೆಯಲ್ಲಿ, ಬಿಳಿಯರ ವಿರುದ್ಧ ಚೀನೀಯರ ಸಾಕ್ಷ್ಯ ಸಲ್ಲದೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತ ಮೇಲೆ ಅಂಥ ದೂರಿಗೆ ಬೆಲೆ ಉಳಿಯಲಿಲ್ಲ.

ಈ ಹುಡುಗಿಯರ ಒಡೆಯರು ಬಹುಪಾಲು ಚೀನೀಯರೇ ಅಲ್ಲವೇ, ಬಿಳಿಯರ ವಿರುದ್ಧದ ಸಾಕ್ಷ್ಯದ ಕುರಿತ ಈ ತೀರ್ಪಿನಿಂದ ಹುಡುಗಿಯರಿಗೇನಾಯಿತು ಎಂದು ಕೇಳಬಹುದು. ಆಕ್ಷೇಪ ಸಣ್ಣದಲ್ಲ. ಆದರೆ ಓಡಿಹೋದ ಹುಡುಗಿಯ ಮೇಲೆ ಒಡವೆ ಕದ್ದಳೆಂದು ಒಡೆಯನೇ ಸುಳ್ಳು ಮೊಕದ್ದಮೆ ಹೂಡಿ, ಪೊಲೀಸರಿಂದಲೇ ಅವಳನ್ನು ಹಿಡಿತರಿಸುವುದು ರೂಢಿಯಾಗಿತ್ತು. ಅವಳಿಗೆ ಮುಚ್ಚಿದ ಬಾಗಿಲು ಅವನಿಗೆ ತೆರೆದೇ ಇತ್ತು. ಇನ್ನು, ಜೀತದ ಕರಾರಿಗೆ ಅವಳೇ ಒಪ್ಪಿದ್ದಳೆನ್ನುವವರು ಆ ಕರಾರನ್ನು ಓದಬೇಕು. ದಾಖಲೆಗೆ ಬಂದ ಒಂದರಲ್ಲಿ 630 ಡಾಲರ್ ಮುಂಗಡಕ್ಕೆ ನಾಲ್ಕು ವರ್ಷದ ದುಡಿಮೆ: ಸಾಲಕ್ಕೆ ಬಡ್ಡಿಯಿಲ್ಲ, ದುಡಿಮೆಗೆ ಕೂಲಿಯೂ ಇಲ್ಲ. ಹತ್ತು ದಿನ ಮೀರಿ ಕಾಯಿಲೆ ಬಿದ್ದರೆ ಪ್ರತಿ ಹತ್ತು ದಿನಕ್ಕೆ ಒಂದು ತಿಂಗಳು ಜೀತ ಬೆಳೆಯುತ್ತದೆ. ಈ ವೃತ್ತಿಯಲ್ಲಿ ಕಾಯಿಲೆ ಬೀಳದಿರುವುದು ಯಾರ ಕೈಯಲ್ಲಿತ್ತು?

1874ರಲ್ಲಿ 'ಜಪಾನ್' ಹಡಗಿನಿಂದ ಬಂದ 22 ಹೆಂಗಸರನ್ನು ನಡತೆಗೆಟ್ಟವರೆಂದು ರಾಜ್ಯದ ಕಾನೂನೊಂದರಂತೆ ಅಧಿಕಾರಿ ತಡೆದಾಗ ನಡೆದ ವಿಚಾರಣೆ ವಿಚಿತ್ರವಾದದ್ದು. ತಾವು ಯಾರೆಂದು ಅವರು ಹೇಳಿದ ಮಾತಿಗಿಂತ ಅವರ ಅಂಗಿಯ ತೋಳಿಗೆ ಹೆಚ್ಚು ಕಿಮ್ಮತ್ತು. ಮೇಲೆ ಸಾದಾ ಬಟ್ಟೆ, ಒಳಗೆ ಬಣ್ಣದ ರೇಷ್ಮೆ, ಅಗಲ ತೋಳು ಇದ್ದರೆ ವೇಶ್ಯೆ ಎಂಬುದು ಬಿಳಿಯ ಸಾಕ್ಷಿಗಳ ಲೆಕ್ಕ. ದೇಶದ ಸರ್ವೋಚ್ಚ ನ್ಯಾಯಾಲಯ 1876ರಲ್ಲಿ ರಾಜ್ಯದ ಆ ಕಾನೂನನ್ನು ತಳ್ಳಿಹಾಕಿತು, ನಿಜ. ಅಷ್ಟರಲ್ಲಿ, ವೇಶ್ಯಾವೃತ್ತಿಗೆಂದು ಹೆಂಗಸರನ್ನು ಕರೆತರುವುದನ್ನು ಇಡೀ ದೇಶಕ್ಕೇ ನಿಷೇಧಿಸುವ 1875ರ ಪೇಜ್ ಕಾಯ್ದೆ ಜಾರಿಯಾಗಿತ್ತು. ವಿಚಾರಣೆ ಹಾಂಗ್‌ಕಾಂಗಿನ ಅಮೆರಿಕನ್ ಕಾನ್ಸಲ್ ಕಚೇರಿಗೆ, ಹಡಗು ಹತ್ತುವ ಮುಂಚಿನ ಗಳಿಗೆಗೆ ಸರಿಯಿತು. ಹಡಗೇ ಹತ್ತದವಳ ಅಹವಾಲು ಕ್ಯಾಲಿಫೋರ್ನಿಯಾದ ಯಾವ ನ್ಯಾಯಾಲಯವನ್ನೂ ಮುಟ್ಟುವಂತಿರಲಿಲ್ಲ.