ಮೊದಲು ಕೆರೆ, ಆಮೇಲೆ ಜಾತ್ರೆ



ಸೊಲ್ಲಾಪುರಕ್ಕೆ ಬಂದವರು ಸಿದ್ಧೇಶ್ವರ ಗುಡಿಯನ್ನು ನೋಡದೆ ಹೋಗುವುದಿಲ್ಲ. ಗುಡಿಯನ್ನು ಬಳಸಿ ನಿಂತ ಕೆರೆಯನ್ನೂ ನೋಡುತ್ತಾರೆ. ಆದರೆ ಗುಡಿಗೂ ನೀರಿಗೂ ಏನು ಸಂಬಂಧವೆಂದು ಕೇಳುವವರು ಕಡಿಮೆ. ನಮ್ಮ ಸೀಮೆಯ ಇತಿಹಾಸವೆಲ್ಲ ಆ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಮಳೆಯ ಮೋಡಗಳು ಸಹ್ಯಾದ್ರಿಯಲ್ಲಿಯೇ ಬರಿದಾಗುತ್ತವೆ. ನಮಗೆ ಬರುವುದು ಉಳಿದ ಮಳೆ. ಹೀಗಿದ್ದ ನೆಲದಲ್ಲಿ, 12ನೆಯ ಶತಮಾನದ ಸೊನ್ನಲಿಗೆಯಲ್ಲಿ, ಶಿವಯೋಗಿ ಸಿದ್ಧರಾಮರು 68 ಲಿಂಗಗಳನ್ನು ಸ್ಥಾಪಿಸಿದರು. ಜನರನ್ನು ಕೂಡಿಸಿ ಕೆರೆಯನ್ನೂ ತೋಡಿಸಿದರು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಅವರನ್ನು ಕಾಣಲು ಬರುವುದು ಈ ಕೆರೆಯ ಕೆಲಸ ನಡೆದಿರುವಾಗಲೇ. ನಾಲ್ಕು ಮಂದಿ ಕೂಡುವ ಜಾಗದಲ್ಲಿ ಮೊದಲು ನೀರಿರಬೇಕೆಂಬುದು ಅಂದಿನವರಿಗೆ ತಿಳಿದಿತ್ತು.

1871ರಲ್ಲಿ ಊರಿನ ಉತ್ತರಕ್ಕೆ ಏಕ್ರುಕ ಕೆರೆ ಮುಗಿಯಿತು. ಐದೇ ವರ್ಷದಲ್ಲಿ, 1876ರಲ್ಲಿ, ದೊಡ್ಡ ಬರ ಬಂತು. ಅಕ್ಕಲಕೋಟದ ಸ್ವಾಮಿ ಸಮರ್ಥರು 1878ರಲ್ಲಿ ಸಮಾಧಿಯಾದುದು ಈ ಬರದ ಬೆನ್ನಿಗೇ. ಇಂದು ಅಲ್ಲಿಯ ಅನ್ನಛತ್ರದಲ್ಲಿ ಸಾವಿರಾರು ಭಕ್ತರು ದಿನವೂ ಉಣ್ಣುತ್ತಾರೆ. ಅಷ್ಟು ಜನರ ಊಟಕ್ಕೆ, ಸ್ನಾನಕ್ಕೆ, ವಸತಿಗೆ ಎಷ್ಟು ನೀರು ಬೇಕು, ನೀವೇ ಲೆಕ್ಕ ಹಾಕಿರಿ.

ಲೆಕ್ಕದ ಮಾತು ಬಂದಿತೆಂದು ಹೇಳುತ್ತೇನೆ. ನಾನು ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು. ಸಂಕ್ರಾಂತಿಯ ಗಡ್ಡಾ ಜಾತ್ರೆ ಮುಗಿದ ಮೇಲೆ ಬಳೆ, ಆಟಿಕೆ, ಬೆಂಡು-ಬತ್ತಾಸು ಮಾರಿದವರು ಚಿಲ್ಲರೆ ಚೀಲ ತರುತ್ತಿದ್ದರು. ಬರದ ವರ್ಷ ಆ ಚೀಲ ಹಗುರವಾಗಿರುತ್ತಿತ್ತು. ಹಿಂಗಾರಿ ಜೋಳ ಒಣಗಿದರೆ ಹಳ್ಳಿಯವನು ಜಾತ್ರೆಗೆ ಬಂದು ಕೈಮುಗಿದಾನು, ಕೊಳ್ಳುವುದೇನನ್ನು? ಯಾತ್ರಿಕರನ್ನು ನಂಬಿದ ಅಂಗಡಿಯೂ ಕಡೆಗೆ ಮಳೆಯನ್ನೇ ನಂಬಿದೆ.

1972ರ ಬರ ಮಹಾರಾಷ್ಟ್ರಕ್ಕೆ ರೋಜಗಾರ ಹಮಿಯ ದಾರಿ ತೋರಿಸಿತು. 1980ರಲ್ಲಿ ಭೀಮೆಯ ಮೇಲೆ ಉಜನಿ ಅಣೆಕಟ್ಟು ಮುಗಿಯಿತು. ಸುಮಾರು 100 ಕಿಲೋಮೀಟರು ದೂರದಿಂದ ಕೊಳವೆಯಲ್ಲಿ ನೀರು ಬಂದಾಗ ನಾವು ಊರೊಳಗಿನ ಕೆರೆ-ಬಾವಿಗಳನ್ನು ಮರೆತೆವು. ಮಳೆಯೂ ತನ್ನ ಹಳೆಯ ನಡತೆ ಬಿಟ್ಟಿತು. 2020ರ ಅಕ್ಟೋಬರಿನಲ್ಲಿ ಬೋರಿ ನದಿ ಉಕ್ಕಿ ಅಕ್ಕಲಕೋಟ ತಾಲೂಕಿನ ಹಳ್ಳಿಗಳಿಗೆ ನುಗ್ಗಿತು. ಬರವೂ ನೆರೆಯೂ ಈಗ ಒಂದೇ ಮನೆಯ ಅತಿಥಿಗಳು. ಭೂಮಿ ಬಿಸಿಯಾದಂತೆ ಒಮ್ಮೆಲೇ ಸುರಿಯುವ ಮಳೆ ಹೆಚ್ಚುತ್ತದೆಂದು ವಿಜ್ಞಾನಿಗಳು ಹೇಳುತ್ತಾರೆ.

ಇದಕ್ಕೆ ಉಪಾಯ ಹೊಸದಲ್ಲ. ಹೆಚ್ಚಿದ್ದನ್ನು ಹಿಡಿದಿಟ್ಟರೆ ಕಡಿಮೆಯಾದಾಗ ಸಿಗುತ್ತದೆ. ಇದನ್ನು ಪಾಸ್‌ಬುಕ್ಕು ಇರುವವರಿಗೆಲ್ಲ ತಿಳಿಸಿ ಹೇಳಬೇಕಿಲ್ಲ. ಹೂಳು ತೆಗೆಯಬೇಕು, ಹಳ್ಳದ ದಾರಿಯಲ್ಲಿ ಮನೆ ಕಟ್ಟಬಾರದು, ಭಕ್ತನಿವಾಸದ ಛಾವಣಿಯ ನೀರನ್ನು ಬಾವಿಗೆ ಇಳಿಸಬೇಕು.

ಮುಂದಿನ ಸಂಕ್ರಾಂತಿಗೆ ಬನ್ನಿರಿ. ನಂದಿಕೋಲುಗಳಿಗೆ ಕೈಮುಗಿದ ಮೇಲೆ ಕೆರೆಯ ದಂಡೆಗೂ ಒಮ್ಮೆ ಹೋಗಿ, ನೀರು ಎಲ್ಲಿಯವರೆಗೆ ಇದೆ ಎಂದು ನೋಡಿರಿ. ಆ ಗೆರೆಯೇ ನಮ್ಮೂರಿನ ನಿಜವಾದ ಬಾಕಿ ಶಿಲ್ಕು.