ಚಕ್ ಬ್ಲೇಜರ್: ತೆರಿಗೆ ಕಳ್ಳನೊಬ್ಬ ಸರ್ಕಾರದ ಗುಪ್ತ ಮಾಹಿತಿದಾರನಾದ ಬಗೆ

ಫಿಫಾ ಹಗರಣ ಅಂದ ಕೂಡಲೇ ನೆನಪಾಗೋದು 2015ರ ಮೇ 27ರ ಬೆಳಗ್ಗೆ ಜ್ಯೂರಿಕ್‌ನ ಐಷಾರಾಮಿ ಹೋಟೆಲಿನಲ್ಲಿ ನಡೆದ ಬಂಧನಗಳು. ನನಗೆ ಅದಕ್ಕಿಂತ ಕುತೂಹಲದ್ದು ಅದರ ಹಿಂದಿನ ಒಂದು ಚಿಕ್ಕ ಸಂಗತಿ: ಒಬ್ಬ ಅಮೆರಿಕನ್ ಸಲ್ಲಿಸದೇ ಬಿಟ್ಟ ಆದಾಯ ತೆರಿಗೆ ರಿಟರ್ನ್.

ಯಾರೀತ?

ಚಕ್ ಬ್ಲೇಜರ್ 1990ರಿಂದ 2011ರವರೆಗೆ ಉತ್ತರ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಫುಟ್‌ಬಾಲ್ ಒಕ್ಕೂಟ ಕಾನ್‌ಕಾಕಾಫ್‌ನ ಪ್ರಧಾನ ಕಾರ್ಯದರ್ಶಿ. ಫಿಫಾ ಕಾರ್ಯಕಾರಿ ಸಮಿತಿಯ ಸದಸ್ಯ. ಒಪ್ಪಂದಗಳಲ್ಲಿ ಕಮಿಷನ್ ಹೊಡೀತಿದ್ದ ಈತನಿಗೆ ‘ಮಿಸ್ಟರ್ ಟೆನ್ ಪರ್ಸೆಂಟ್’ ಅನ್ನೋ ಅಡ್ಡಹೆಸರೇ ಇತ್ತು. ವಾಸ ನ್ಯೂಯಾರ್ಕಿನ ಟ್ರಂಪ್ ಟವರ್‌ನಲ್ಲಿ.

ಸಿಕ್ಕಿಬಿದ್ದದ್ದು ಹೇಗೆ?

ಲಂಚ ಸಾಬೀತು ಮಾಡೋದು ಕಷ್ಟ. ಕೊಟ್ಟವನೂ ಬಾಯಿ ಬಿಡಲ್ಲ, ತಗೊಂಡವನೂ ಬಿಡಲ್ಲ. ತೆರಿಗೆ ಪ್ರಕರಣ ಹಾಗಲ್ಲ: ಹಣ ಬಂದಿದೆ, ಲೆಕ್ಕ ಕೊಟ್ಟಿಲ್ಲ, ಅಷ್ಟೇ. ಅಕ್ರಮ ಗಳಿಕೆಗೂ ತೆರಿಗೆ ಕಟ್ಟಬೇಕು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1927ರಲ್ಲೇ ಹೇಳಿತ್ತು. 1931ರಲ್ಲಿ ಅಲ್ ಕಪೋನ್ ಜೈಲಿನ ದಾರಿ ಹಿಡಿದದ್ದೂ ಕೊಲೆಗಲ್ಲ, ತೆರಿಗೆ ವಂಚನೆಗೆ.

2011ರ ಕೊನೆಯಲ್ಲಿ ಎಫ್‌ಬಿಐ ಮತ್ತು ತೆರಿಗೆ ಇಲಾಖೆಯ ಅಧಿಕಾರಿಗಳು ಬ್ಲೇಜರ್ ಎದುರು ಬಂದು ನಿಂತರು. ಇದ್ದ ದಾರಿ ಎರಡೇ: ಕೈಗೆ ಕೋಳ, ಇಲ್ಲವೇ ಸಹಕಾರ. ಆ ಡಿಸೆಂಬರ್‌ನಿಂದಲೇ ಅವನು ಸಹಕರಿಸತೊಡಗಿದ. 2012ರ ಲಂಡನ್ ಒಲಿಂಪಿಕ್ಸ್ ವೇಳೆ ಕೀಲಿ ಗೊಂಚಲಿನಲ್ಲಿ ಮೈಕ್ ಅಡಗಿಸಿಕೊಂಡು ಹಳೇ ಸ್ನೇಹಿತರ ಮಾತು ರೆಕಾರ್ಡ್ ಮಾಡಿದ ಅಂತ ನ್ಯೂಯಾರ್ಕ್ ಡೈಲಿ ನ್ಯೂಸ್ 2014ರಲ್ಲಿ ಬಯಲು ಮಾಡಿತು.

ಕೊನೆಗೆ ಏನಾಯ್ತು?

2013ರ ನವೆಂಬರ್‌ನಲ್ಲಿ ಮುಚ್ಚಿದ ಕೋರ್ಟಿನಲ್ಲಿ 10 ಆರೋಪಗಳನ್ನು ಒಪ್ಪಿಕೊಂಡ. ಅದರಲ್ಲಿ ಆರು, 2005ರಿಂದ 2010ರವರೆಗಿನ ತೆರಿಗೆ ವಂಚನೆಯವು. 1998 ಮತ್ತು 2010ರ ವಿಶ್ವಕಪ್ ಆತಿಥ್ಯದ ಆಯ್ಕೆಗೆ ಸಂಬಂಧಿಸಿದ ಲಂಚದ ವಿಷಯವನ್ನೂ ಬಾಯಿಬಿಟ್ಟ. 19 ಲಕ್ಷ ಡಾಲರ್‌ಗೂ ಹೆಚ್ಚು ಹಣ ಕಕ್ಕಿದ. ಶಿಕ್ಷೆ ಪ್ರಕಟವಾಗುವ ಮೊದಲೇ, 2017ರ ಜುಲೈನಲ್ಲಿ ತೀರಿಕೊಂಡ.

ಇದು ನ್ಯಾಯವಾ?

ನನ್ನ ಉತ್ತರ: ಅರ್ಧ ಹೌದು. ಇಂಥವನಿಲ್ಲದೆ ಆ ಕೋಟೆಯೊಳಗೆ ಕಾಲಿಡೋಕೆ ಆಗ್ತಿರಲಿಲ್ಲ. ಆದರೆ ತನ್ನ ಕತ್ತು ಉಳಿಸಿಕೊಳ್ಳೋಕೆ ಮಾತಾಡುವವನು ತನಿಖೆ ಮಾಡುವವರಿಗೆ ಇಷ್ಟವಾದದ್ದನ್ನೇ ಹೇಳಬಹುದು. ಅದಕ್ಕೇ ಅವನ ಬಾಯಿಮಾತಿಗಿಂತ ಬ್ಯಾಂಕ್ ದಾಖಲೆ, ರೆಕಾರ್ಡಿಂಗ್‌ಗಳಿಗೆ ತೂಕ ಹೆಚ್ಚು. ಅವನನ್ನು ‘ಹಗರಣ ಬಯಲಿಗೆಳೆದ ಧೈರ್ಯಶಾಲಿ’ ಅಂತ ಕರೆಯೋದನ್ನೂ ನಾನು ಒಪ್ಪಲ್ಲ. ಯಾರೂ ಒತ್ತಾಯ ಮಾಡದೆ, ನೌಕರಿ ಹೋದರೂ ಸರಿ ಅಂತ ಸತ್ಯ ಹೇಳುವವರು ಬೇರೆ. ಬ್ಲೇಜರ್ ಬಾಯಿ ಬಿಟ್ಟದ್ದು ಸಿಕ್ಕಿಬಿದ್ದ ಮೇಲೆ.