ಗಾಂಧೀಜಿ ಹೊಲಿದ ಮೆಟ್ಟು

ಗಾಂಧೀಜಿಯವರ ಹೆಸರೆತ್ತಿದೊಡನೆ ನಮ್ಮ ಕಣ್ಣಮುಂದೆ ಬರುವ ವಸ್ತುಗಳಲ್ಲಿ ಒಂದು ಜೊತೆ ಚಪ್ಪಲಿಯೂ ಉಂಟು. ಕನ್ನಡಕ, ಕೋಲು, ಗಡಿಯಾರಗಳ ಸಾಲಿನಲ್ಲಿ ಅದನ್ನೂ ಇರಿಸಿ, ಸರಳತೆಯ ಸಂಕೇತವೆಂದು ಹೇಳಿ, ಕೈಮುಗಿದು ಮುಂದೆ ಸಾಗುತ್ತೇವೆ. ಈ ಅವಸರ ನನಗೆ ಒಪ್ಪಿಗೆಯಿಲ್ಲ. ಸಂಕೇತವಾಗುವುದಕ್ಕೆ ಮೊದಲು ಅದು ನಡೆಯುವವರ ಉಪಕರಣವಾಗಿತ್ತು. ಅದರ ಚರಿತ್ರೆ ಮೊದಲಾಗುವುದು ದಕ್ಷಿಣ ಆಫ್ರಿಕದಲ್ಲಿ.

1910ರಲ್ಲಿ ಹರ್ಮನ್ ಕಾಲೆನ್‌ಬಾಕ್ ಎಂಬ ಜರ್ಮನ್ ವಾಸ್ತುಶಿಲ್ಪಿ ತಮ್ಮ 1,100 ಎಕರೆ ಜಮೀನನ್ನು ಸತ್ಯಾಗ್ರಹಿಗಳ ಕುಟುಂಬಗಳ ವಾಸಕ್ಕೆ ಬಿಟ್ಟುಕೊಟ್ಟರು. ಅದೇ ಟಾಲ್‌ಸ್ಟಾಯ್ ಫಾರ್ಮ್. ಜೋಹಾನ್ಸ್‌ಬರ್ಗ್ ಅಲ್ಲಿಗೆ 21 ಮೈಲಿ. ರೈಲು ನಿಲ್ದಾಣವೇನೋ ಮೈಲಿಯಳತೆಯಲ್ಲೇ ಇತ್ತು. ಆದರೆ ಆಶ್ರಮದ ಕೆಲಸವಿದ್ದವರಿಗೆ ಮಾತ್ರ ರೈಲು, ಅದೂ ಮೂರನೆಯ ದರ್ಜೆ. ಸ್ವಂತ ಸಂತೋಷಕ್ಕೆ ಪಟ್ಟಣ ನೋಡಹೊರಟವರು ಬುತ್ತಿ ಕಟ್ಟಿಕೊಂಡು ನಡೆದೇ ಹೋಗಬೇಕು; ಪೇಟೆಯಲ್ಲಿ ತಿಂಡಿಗೆಂದು ಕಾಸು ಬಿಚ್ಚುವಂತಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು, ಎರಡೂವರೆಗೆ ಹೊರಟರೆ, ಆರೇಳು ಗಂಟೆಗಳಲ್ಲಿ ಊರು ಸೇರುತ್ತಿದ್ದರು. ಎಲ್ಲರಿಗಿಂತ ಬೇಗ ಮುಟ್ಟಿದವನಿಗೆ ಹಿಡಿದದ್ದು 4 ಗಂಟೆ 18 ನಿಮಿಷವೆಂದು ಗಾಂಧೀಜಿಯವರೇ ಬರೆದಿಟ್ಟಿದ್ದಾರೆ. ಆ ಲೆಕ್ಕವನ್ನು ಬರೆಯುವಾಗ ಅವರಿಗೆ ಒಳಗೊಳಗೇ ಹೆಮ್ಮೆಯಿದ್ದಿರಬೇಕೆಂದು ನನ್ನ ಗುಮಾನಿ.

ಇಂಥ ಕಡೆ ಕಾಲಿಗೆ ಏನನ್ನು ಮೆಟ್ಟುವುದೆಂಬುದು ಸಣ್ಣ ಪ್ರಶ್ನೆಯಲ್ಲ. ಏಳೆಂಟು ಮೈಲಿ ನಡೆದ ಪಾದ ಊದಿಕೊಳ್ಳುತ್ತದೆ. ಬೂಟಿನೊಳಗೆ ಅದಕ್ಕೆ ಜಾಗವಿಲ್ಲ. ಬೆವರಿನಿಂದ ಮೆತ್ತಗಾದ ಚರ್ಮ ಉಜ್ಜಿ ಉಜ್ಜಿ ಬೊಬ್ಬೆಯೇಳುತ್ತದೆ. ಚಪ್ಪಲಿಯಲ್ಲಿ ಗಾಳಿಯಾಡುತ್ತದೆ, ಹೊಕ್ಕ ಹರಳು ಒದರಿದರೆ ಬೀಳುತ್ತದೆ, ಹಳ್ಳ ದಾಟಿದರೂ ಬೇಗ ಒಣಗುತ್ತದೆ. ಪಟ್ಟಿ ಕಿತ್ತರೆ ದಬ್ಬಳ, ದಾರ ಸಾಕು. ಮುಳ್ಳಿಗೂ ಚಳಿಗೂ ಅದು ತಕ್ಕ ಉತ್ತರವಲ್ಲ, ನಿಜ. ಹಿಮ್ಮಡಿಯ ಬಿರುಕಿನ ಸುದ್ದಿಯನ್ನಂತೂ ನಮ್ಮ ಕಡೆ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಚಪ್ಪಲಿ ಹೊಲಿಯುವುದನ್ನು ಕಲಿಯಲೆಂದೇ ಕಾಲೆನ್‌ಬಾಕ್ ನಟಾಲ್ ಪ್ರಾಂತದ ಮರಿಯನ್‌ಹಿಲ್‌ಗೆ ಹೋದರು. ಅಲ್ಲಿನ ಟ್ರಾಪಿಸ್ಟ್ ಸಂನ್ಯಾಸಿಗಳ ಮಠದಲ್ಲಿ ಈ ಕಸಬು ನಡೆದಿತ್ತು. ಅವರಿಂದ ಗಾಂಧೀಜಿ ಕಲಿತರು, ಗಾಂಧೀಜಿಯವರಿಂದ ಹುಡುಗರು ಕಲಿತರು. ಹುಡುಗರು ಗುರುವನ್ನೇ ಮೀರಿಸಿದರಂತೆ. 1911ರ ಜನವರಿಯಲ್ಲಿ ಮಗನಲಾಲ್ ಗಾಂಧಿಯವರಿಗೆ ಬರೆದ ಕಾಗದದಲ್ಲಿ ಅವರು, ಆಗಲೇ ಸುಮಾರು 15 ಜೊತೆ ಮಾಡಿ ಮುಗಿಸಿರುವುದಾಗಿ ತಿಳಿಸುತ್ತಾರೆ. ಬೇಕಾದಾಗ ಪಾದದ ಅಳತೆ ಕಳಿಸು, ಹೆಬ್ಬೆರಳು ಕಿರುಬೆರಳುಗಳ ಹೊರಬದಿಯಲ್ಲಿ ಪಟ್ಟಿ ಎಲ್ಲಿ ಬರಬೇಕೆಂದು ಗುರುತು ಹಾಕು ಎನ್ನುತ್ತಾರೆ. ಇದು ಮಹಾತ್ಮರ ಮಾತಲ್ಲ, ಕಸಬುದಾರನ ಮಾತು. ಅದಕ್ಕಾಗಿಯೇ ನನಗೆ ಆ ಕಾಗದ ಪ್ರಿಯ.

ಹೀಗೆ ದಬ್ಬಳ ಹಿಡಿದವರು ಯಾರು? 1888ರಲ್ಲಿ ಓದಲೆಂದು ಸಮುದ್ರ ದಾಟಿದ್ದಕ್ಕೇ ಅವರ ವಣಿಕ ಸಮಾಜ ಅವರನ್ನು ಜಾತಿಯಿಂದ ಹೊರಗಿಟ್ಟಿತ್ತು. ಚರ್ಮ ಮುಟ್ಟುವುದು ಅದಕ್ಕಿಂತ ದೊಡ್ಡ ಅಪರಾಧ. ದೂರ ನಡೆಯುವವನ ಅಗತ್ಯವೊಂದು ಆ ಬ್ಯಾರಿಸ್ಟರನ್ನು, ಊರಾಚೆ ಇರಿಸಲ್ಪಟ್ಟವರ ಕಸಬಿನ ಮುಂದೆ ತಂದು ಕೂರಿಸಿತು. ಬಸವಣ್ಣನವರಿಗಾಗಿ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿದ ಕಥೆ ಕೇಳಿ ಬೆಳೆದವರು ನಾವು. ಅಲ್ಲಿ ಮೆಟ್ಟು ಕೆಳಗಿನಿಂದ ಮೇಲಕ್ಕೆ ಬಂದ ಕಾಣಿಕೆ. ಇಲ್ಲಿ ಮೆಟ್ಟು ಹೊಲಿದವರೇ ನಾಯಕರು. ಅದರಲ್ಲೊಂದು ಜೊತೆ ಸೇರಿದ್ದು ಎದುರಾಳಿಯ ಕಾಲಿಗೆ.

ಆ ಎದುರಾಳಿ, ಗಾಂಧೀಜಿಯವರನ್ನು ಸೆರೆಗೆ ಕಳಿಸಿದ ಸರ್ಕಾರದ ಸಚಿವ ಜನರಲ್ ಸ್ಮಟ್ಸ್. ಅವರಿಗೂ ನಡಿಗೆಯ ಹುಚ್ಚು. ಕೇಪ್‌ಟೌನಿನ ಟೇಬಲ್ ಪರ್ವತವನ್ನು ಮತ್ತೆ ಮತ್ತೆ ಹತ್ತಿದವರು. ಸೆರೆಮನೆಯಲ್ಲಿ ತಾವೇ ಮಾಡಿದ ಒಂದು ಜೊತೆ ಚಪ್ಪಲಿಯನ್ನು ಗಾಂಧೀಜಿ, 1914ರಲ್ಲಿ ಆ ದೇಶ ಬಿಡುವ ಮುನ್ನ, ಅವರಿಗೆ ಕೊಟ್ಟರು. ಹಿಂದೆ ನಮ್ಮ ಮೈಸೂರಿನಲ್ಲಿ ಪಾಠ ಹೇಳಿದ್ದ ರಾಧಾಕೃಷ್ಣನ್ ಅವರು 1939ರಲ್ಲಿ ಸಂಪಾದಿಸಿದ ಅಭಿನಂದನ ಗ್ರಂಥದಲ್ಲಿ ಸ್ಮಟ್ಸ್ ಇದನ್ನು ನೆನೆದಿದ್ದಾರೆ. ಎಷ್ಟೋ ಬೇಸಗೆ ಅವನ್ನು ತೊಟ್ಟೆ, ಆದರೂ ಅವುಗಳಲ್ಲಿ ಕಾಲಿಡುವ ಯೋಗ್ಯತೆ ತನಗಿಲ್ಲವೆನಿಸುತ್ತದೆ ಎಂಬುದು ಅವರ ಮಾತಿನ ತಾತ್ಪರ್ಯ. ಅವರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡದೆ ತೊಟ್ಟು ಓಡಾಡಿದರೆಂಬುದೇ ನನಗೆ ದೊಡ್ಡ ಗೌರವವಾಗಿ ಕಾಣುತ್ತದೆ.

ಇಷ್ಟರ ಮೇಲೆ 1930ರ ಮಾರ್ಚ್ 12ರಂದು ಸಬರಮತಿಯಿಂದ ಹೊರಟ ನಡಿಗೆಯನ್ನು ನೋಡಿದರೆ, ಅದು ದಿಢೀರನೆ ಹೊಳೆದ ಸಾಹಸವಾಗಿ ತೋರುವುದಿಲ್ಲ. ದಂಡಿಗೆ ಸುಮಾರು 240 ಮೈಲಿ. ಗಾಂಧೀಜಿಯವರಿಗೆ 60 ತುಂಬಿತ್ತು. ಜೊತೆಗೆ ಹೊರಟ 78 ಜನರಲ್ಲಿ ನಮ್ಮ ಮೋಟೆಬೆನ್ನೂರಿನ ತರುಣ ಮೈಲಾರ ಮಹಾದೇವಪ್ಪನವರೂ ಇದ್ದರು. ದಾರಿಯಲ್ಲಿ ಎಳೆಯರ ಕಾಲುಗಳೇ ಸೋತವು, ಬೊಬ್ಬೆಯೆದ್ದವು. ಬಳಲಿದರೆ ಇರಲೆಂದು ಗಾಂಧೀಜಿಯವರಿಗಾಗಿ ಒಂದು ಕುದುರೆಯನ್ನೂ ಜೊತೆಗೆ ಕರೆತಂದಿದ್ದರು. ಏಪ್ರಿಲ್ 5ರಂದು ಕಡಲತೀರ ಸೇರುವವರೆಗೂ ಅವರು ಅದನ್ನು ಏರಲಿಲ್ಲ.